ಇಂಧನ ದಕ್ಷತೆ: ಪದದ ಅರ್ಥ ಮತ್ತು ಮನೆಯ ಲೆಕ್ಕ

‘ಇಂಧನ’ ಎಂಬ ಸಂಸ್ಕೃತ ಪದದ ಮೂಲಾರ್ಥ ಉರಿಸುವ ವಸ್ತು, ಅಂದರೆ ಸೌದೆ. ‘ದಕ್ಷ’ ಎಂದರೆ ಸಮರ್ಥ, ಕೆಲಸ ಬಲ್ಲವನು. ಇವೆರಡೂ ಸೇರಿ ಆದ ‘ಇಂಧನ ದಕ್ಷತೆ’ಯನ್ನು ಇಂದು ಸೌದೆಗಿಂತ ವಿದ್ಯುತ್ತಿನ ವಿಷಯದಲ್ಲೇ ಹೆಚ್ಚಾಗಿ ಬಳಸುತ್ತೇವೆ. ಒಂದು ಕೆಲಸಕ್ಕೆ ಒಟ್ಟು ವ್ಯಯವಾದ ಶಕ್ತಿಯಲ್ಲಿ ಆ ಕೆಲಸಕ್ಕೇ ಒದಗಿದ ಪಾಲು ಎಷ್ಟು ಎಂಬ ಪ್ರಮಾಣಕ್ಕೆ ಈ ಹೆಸರು.

ಇದನ್ನು ಮಿತವ್ಯಯದೊಂದಿಗೆ ಬೆರೆಸಬಾರದು. ದಕ್ಷ ಅಡುಗೆಯವರು ಎಂದರೆ ಕಡಿಮೆ ಅಡುಗೆ ಮಾಡುವವರಲ್ಲ. ಸಾಮಗ್ರಿ ಪೋಲಾಗದಂತೆ ಅಷ್ಟೇ ಜನಕ್ಕೆ ಉಣಬಡಿಸುವವರು. ಹಾಗೆಯೇ ಸೆಖೆಯಲ್ಲಿ ಫ್ಯಾನ್ ಆರಿಸಿ ಬೆವರುತ್ತಾ ಕೂರುವುದು ಮಿತವ್ಯಯವಾದೀತು, ದಕ್ಷತೆಯಾಗದು. ಸುಮಾರು 800 ಲ್ಯೂಮೆನ್ (ಬೆಳಕಿನ ಅಳತೆಯ ಮಾನ) ಬೆಳಕಿಗೆ ಹಳೆಯ ತಂತಿ ಬಲ್ಬು 60 ವ್ಯಾಟ್ ಎಳೆದುಕೊಳ್ಳುವಲ್ಲಿ ಎಲ್‌ಇಡಿಗೆ 8ರಿಂದ 10 ವ್ಯಾಟ್ ಸಾಕಾಗುತ್ತದೆ. ತಂತಿ ಬಲ್ಬಿನಲ್ಲಿ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುವುದೇ ಇದಕ್ಕೆ ಕಾರಣ.

ಆದರೆ ಕೈಯಲ್ಲಿರುವ ಹಣ ಕಡಿಮೆಯಿದ್ದಾಗ ದಕ್ಷತೆಯ ಪ್ರಮಾಣವೊಂದನ್ನೇ ನೋಡಿದರೆ ಸಾಲದು, ಉಪಕರಣ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು. 1,000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 75 ವ್ಯಾಟಿನ ಫ್ಯಾನಿನ ಜಾಗದಲ್ಲಿ 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ವಿದ್ಯುತ್ತಿನಲ್ಲಿ ಓಡುವ, ಬ್ರಶ್ ಇಲ್ಲದ ಮೋಟಾರಿನ) ಫ್ಯಾನ್ ಹಾಕಿ, ಅದು ವರ್ಷವಿಡೀ ದಿನಕ್ಕೆ 12 ಗಂಟೆ ತಿರುಗಿತೆನ್ನಿ. ವರ್ಷಕ್ಕೆ ಸುಮಾರು 197 ಯೂನಿಟ್ ಉಳಿಯುತ್ತದೆ. ದಿನಕ್ಕೆ ಐದೇ ನಿಮಿಷ ಉರಿಯುವ ಉಗ್ರಾಣದ 60 ವ್ಯಾಟಿನ ಬಲ್ಬನ್ನು ಎಲ್‌ಇಡಿಗೆ ಬದಲಾಯಿಸಿದರೆ ಉಳಿಯುವುದು ವರ್ಷಕ್ಕೆ ಸುಮಾರು ಒಂದೂವರೆ ಯೂನಿಟ್ಟು. ಹಾಕಿದ ಹಣವನ್ನು ವರ್ಷಕ್ಕೆ ಬಿಲ್ಲಿನಲ್ಲಿ ಉಳಿಯುವ ಹಣದಿಂದ ಭಾಗಿಸಿದರೆ ಅದು ಎಷ್ಟು ವರ್ಷಕ್ಕೆ ವಾಪಸಾಗುತ್ತದೆ ಎಂಬುದು ತಿಳಿಯುತ್ತದೆ. ಮನೆಯ ಬಲ್ಬುಗಳನ್ನೆಲ್ಲ ಒಮ್ಮೆಲೇ ಬದಲಾಯಿಸುವ ಉತ್ಸಾಹಕ್ಕಿಂತ ಈ ಭಾಗಾಕಾರ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಪದದ ಅರ್ಥ ಸ್ವಲ್ಪ ಜಾರುವುದು ಗೀಸರಿನ ವಿಷಯದಲ್ಲಿ. 15 ಲೀಟರ್ ನೀರನ್ನು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರಿಸಲು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ ಬೇಕು. ಗೀಸರಿನ ಕಾಯಿಲ್ ತಾನು ಪಡೆದ ವಿದ್ಯುತ್ತನ್ನೆಲ್ಲ ಶಾಖವಾಗಿಸುವುದರಿಂದ, ಆ ಕಾಯಿಲ್‌ನ ಮಟ್ಟಿಗೆ ದಕ್ಷತೆ ಹೆಚ್ಚುಕಡಿಮೆ ನೂರಕ್ಕೆ ನೂರು. ಹಾಗಿದ್ದರೂ ಸ್ನಾನಕ್ಕೆ ಗಂಟೆಗಳ ಮೊದಲೇ ಸ್ವಿಚ್ ಹಾಕಿಟ್ಟರೆ ಬಿಸಿಯು ತೊಟ್ಟಿಯ ಗೋಡೆಯಿಂದ ಸೋರಿಹೋಗುತ್ತಲೇ ಇರುತ್ತದೆ, ನೀರಿನ ಬಿಸಿಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಮತ್ತೆ ಮತ್ತೆ ಕಾಯಿಲನ್ನು ಚಾಲೂ ಮಾಡುತ್ತಲೇ ಇರುತ್ತದೆ. ಇಲ್ಲಿ ಉಪಕರಣ ದಕ್ಷ, ಬಳಕೆ ಅದಕ್ಷ. ಥರ್ಮೋಸ್ಟಾಟನ್ನು ಸ್ವಲ್ಪ ಕೆಳಗಿಳಿಸುವುದು, ಬಿಸಿನೀರಿನ ಕೊಳವೆಗೆ ಶಾಖ ತಡೆಯುವ ಹೊದಿಕೆ ಸುತ್ತುವುದು, ಕಡಿಮೆ ನೀರು ಸುರಿಸುವ ಶವರ್ ಜೋಡಿಸುವುದು, ಇವೆಲ್ಲವೂ ಹೊಸ ಗೀಸರ್ ಕೊಳ್ಳದೆಯೇ ಆಗುವ ದಕ್ಷತೆಯ ಕೆಲಸಗಳು.

ಫ್ರಿಜ್ಜಿನಲ್ಲಿಯೂ ಇಂಥ ಸೋರಿಕೆಯನ್ನು ಕಾಣಬಹುದು. ಒಂದು ಹಾಳೆಯನ್ನು ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಹಿಡಿದು ಬಾಗಿಲು ಮುಚ್ಚಿ ಎಳೆದು ನೋಡಿ; ತಡೆಯೇ ಇಲ್ಲದೆ ಜಾರಿ ಬಂದರೆ ಆ ಜಾಗದ ರಬ್ಬರ್ ಪಟ್ಟಿ ಸಡಿಲವಾಗಿದೆ ಎಂದರ್ಥ. ಪಟ್ಟಿಗೆ ಅಂಟಿದ ಜಿಡ್ಡನ್ನು ಸಾಬೂನು ನೀರಿನಿಂದ ಒರೆಸಿದರೇ ಎಷ್ಟೋ ಸಲ ಅದು ಮತ್ತೆ ಬಿಗಿಯಾಗಿ ಕೂರುತ್ತದೆ, ಇಲ್ಲವಾದರೆ ಪಟ್ಟಿಯೊಂದನ್ನೇ ಬದಲಾಯಿಸಬಹುದು.

ಹೊಸದನ್ನು ಕೊಳ್ಳಲೇಬೇಕಾಗಿ ಬಂದಾಗ ದಕ್ಷತೆಯ ಲೇಬಲ್ ನೆರವಿಗೆ ಬರುತ್ತದೆ, ಆದರೆ ಅದನ್ನು ಓದುವಾಗಲೂ ಪದದ ಅರ್ಥವನ್ನು ಮರೆಯುವಂತಿಲ್ಲ. ಲೇಬಲ್ಲಿನ ದರ್ಜೆ ಸಾಮಾನ್ಯವಾಗಿ ಉಪಕರಣದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡು ನೀಡಿದ್ದಾಗಿರುವುದರಿಂದ, ಉತ್ತಮ ದರ್ಜೆಯ ದೊಡ್ಡ ಫ್ರಿಜ್ಜು ಸಾಧಾರಣ ದರ್ಜೆಯ ಚಿಕ್ಕ ಫ್ರಿಜ್ಜಿಗಿಂತ ಹೆಚ್ಚು ವಿದ್ಯುತ್ ಬಳಸುವುದು ಸಾಧ್ಯ. ಬಿಲ್ಲಿಗೆ ಬೇಕಾದ ಅಂಕಿ ದರ್ಜೆಯದಲ್ಲ. ಅದೇ ಲೇಬಲ್ಲಿನಲ್ಲಿ ಚಿಕ್ಕದಾಗಿ ನಮೂದಿಸಿರುವ, ವರ್ಷಕ್ಕೆ ಇಷ್ಟು ಯೂನಿಟ್ ಎಂಬ ಸಂಖ್ಯೆ.