ಚಂಡೀಗಢದ ಮನೆಗಳು ಮತ್ತು ಜೇನ್ ಡ್ರೂ

ಚಂಡೀಗಢ ಎಂದರೆ ಸ್ವಿಸ್–ಫ್ರೆಂಚ್ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ. ಪಠ್ಯಪುಸ್ತಕ, ಪ್ರವಾಸಿ ಕೈಪಿಡಿ, ಈಚೆಗೆ ನ್ಯಾಯಾಲಯದ ತೀರ್ಪು, ಎಲ್ಲಿ ನೋಡಿದರೂ ಅದೇ ಹೆಸರು. ಆದರೆ ಆ ಊರಿಗೆ ಮೊದಲು ಬಂದ ಸಂಸಾರಗಳು ಒಲೆ ಹಚ್ಚಿದ ಮನೆಗಳ ನಕ್ಷೆ ಬರೆದವರು ಬೇರೆ. ಅವರಲ್ಲಿ ಒಬ್ಬರು ಇಂಗ್ಲೆಂಡಿನ ವಾಸ್ತುಶಿಲ್ಪಿ ಜೇನ್ ಡ್ರೂ.

1911ರಲ್ಲಿ ಹುಟ್ಟಿದ ಡ್ರೂ ಓದಿದ್ದು ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ. ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಿದ್ದೇ 1917ರಲ್ಲಿ. ಓದು ಮುಗಿಸಿ ಕೆಲಸ ಕೇಳಲು ಹೋದರೆ, ಹೆಣ್ಣು ಎಂಬ ಕಾರಣಕ್ಕೆ ಕಚೇರಿಗಳು ಹಿಂಜರಿದವು. ಎರಡನೇ ಮಹಾಯುದ್ಧದ ದಿನಗಳಲ್ಲಿ ಅವರು ತಮ್ಮದೇ ಕಚೇರಿ ತೆರೆದು, ಮೊದಮೊದಲು ಹೆಂಗಸರನ್ನೇ ಕೆಲಸಕ್ಕೆ ತೆಗೆದುಕೊಂಡರು. 1942ರಲ್ಲಿ ವಾಸ್ತುಶಿಲ್ಪಿ ಮ್ಯಾಕ್ಸ್‌ವೆಲ್ ಫ್ರೈ ಜತೆ ಮದುವೆ; ಮುಂದೆ ಘಾನ, ನೈಜೀರಿಯಗಳಲ್ಲಿ ಶಾಲೆಗಳು, ಇಬಾದಾನ್ ವಿಶ್ವವಿದ್ಯಾಲಯ. ಬಿಸಿಲು, ಮಳೆ, ಗಾಳಿಯ ಲೆಕ್ಕ ಹಾಕಿ ಕಟ್ಟುವುದು ಅವರಿಗೆ ರೂಢಿಯಾದದ್ದು ಅಲ್ಲೇ. ಆ ಕೆಲಸ ಶುರುವಾದದ್ದು ವಸಾಹತು ಆಡಳಿತದ ಆಶ್ರಯದಲ್ಲಿ ಎಂಬುದನ್ನೂ ಹೇಳಲೇಬೇಕು.

ದೇಶವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಭಾರತದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಅಮೆರಿಕದ ಆಲ್ಬರ್ಟ್ ಮೇಯರ್ ಮೊದಲ ಯೋಜನೆ ಸಿದ್ಧಪಡಿಸಿದರು. ಅವರ ಜತೆಗಾರ ಮ್ಯಾಥ್ಯೂ ನೊವಿಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಬದಲಿ ಹುಡುಕುತ್ತ ಯುರೋಪಿಗೆ ಹೋದ ಅಧಿಕಾರಿಗಳಾದ ಥಾಪರ್ ಮತ್ತು ವರ್ಮ, ಲಂಡನ್ನಿನಲ್ಲಿ ಫ್ರೈ–ಡ್ರೂ ದಂಪತಿಯನ್ನು ಕಂಡರು. ಕಾರ್ಬುಸಿಯೆಯನ್ನು ಕೇಳಿ ನೋಡಿ ಎಂದು ಸೂಚಿಸಿದವರೇ ಈ ದಂಪತಿ.

ಯಾವ ಕೆಲಸ ಯಾರದು ಎಂಬ ಮುಂದಿನ ಗೋಜಲಿನ ಬೇರು ಒಪ್ಪಂದ ಆದ ಬಗೆಯಲ್ಲೇ ಇದೆ. ಕಾರ್ಬುಸಿಯೆ ವರ್ಷಕ್ಕೆ ಎರಡು ಸಲ ಬಂದು ಹೋಗುವುದು. ನಗರದ ಯೋಜನೆ, ಹೈಕೋರ್ಟ್, ಸಚಿವಾಲಯ, ವಿಧಾನಸಭೆ ಅವರ ಪಾಲು. ಅಲ್ಲೇ ಮನೆ ಮಾಡಿಕೊಂಡು ದಿನದಿನದ ಕೆಲಸ ನೋಡುವುದು ಡ್ರೂ, ಫ್ರೈ ಮತ್ತು ಕಾರ್ಬುಸಿಯೆಯ ದಾಯಾದಿ ವಾಸ್ತುಶಿಲ್ಪಿ ಪಿಯರ್ ಜನ್ನರೆ. ಯೂಲಿ ಚೌಧರಿ, ಎಂ. ಎನ್. ಶರ್ಮ, ಆದಿತ್ಯ ಪ್ರಕಾಶ್ ಮೊದಲಾದ ಭಾರತೀಯ ಎಳೆಯರು ಅವರ ಜತೆ ದುಡಿದರು.

ಸರ್ಕಾರಿ ನೌಕರರ ಮನೆಗಳಿಗೆ ಮಂತ್ರಿಯಿಂದ ಜವಾನನವರೆಗೆ ದರ್ಜೆಗಳಿದ್ದವು. ಡ್ರೂ ಹೆಚ್ಚು ಮನಸ್ಸಿಟ್ಟದ್ದು ಕೆಳಗಿನ ದರ್ಜೆಗಳ ಮೇಲೆ. ಕೈಯಲ್ಲಿದ್ದ ಹಣ ಕಡಿಮೆ. ಕಬ್ಬಿಣ, ಕಾಂಕ್ರೀಟು ದುಬಾರಿ. ಸ್ಥಳೀಯ ಇಟ್ಟಿಗೆಯೊಂದೇ ಅಗ್ಗ. ಹಾಗಾಗಿ ಇಟ್ಟಿಗೆಯ ಗೋಡೆ, ಗಾಳಿಯಾಡಲು ಇಟ್ಟಿಗೆಯ ಜಾಲರಿ, ಬಿಸಿಲು ತಡೆಯಲು ಸಜ್ಜಾ. ಬೇಸಗೆಯ ರಾತ್ರಿ ಮಲಗಲು ಬಯಲು ಬೇಕೆಂಬುದೂ ನಕ್ಷೆಗೆ ಬಂತು. ತೀರಾ ಚಿಕ್ಕ ಮನೆಗೂ ಎರಡು ಕೋಣೆ, ಅಡುಗೆಮನೆ, ವರಾಂಡ, ಅಂಗಳ, ನೀರು ಹಾಯಿಸುವ ಶೌಚಾಲಯ. ಅಂದಿನ ಭಾರತದಲ್ಲಿ ಒಬ್ಬ ಜವಾನನ ಸಂಸಾರಕ್ಕೆ ಇದು ಸಣ್ಣ ಮಾತಲ್ಲ. ಇಂಥ ಮನೆಗಳು, ಅಂಗಡಿ ಸಾಲು ಮೊದಲು ಎದ್ದ ಕಡೆಗಳಲ್ಲಿ 22ನೇ ಸೆಕ್ಟರ್ (ಅಂಕಿಯಿಂದ ಗುರುತಿಸುವ ಬಡಾವಣೆ) ಒಂದು. ಒಂದು ನಗರ ಬದುಕಿಗೆ ಒಗ್ಗುತ್ತದೋ ಇಲ್ಲವೋ ಎಂಬುದು ಗೊತ್ತಾಗುವುದು ಇಂಥಲ್ಲೇ.

1954ರ ಹೊತ್ತಿಗೆ ಡ್ರೂ ಹೊರಟರು. ಅದೇ ಸುಮಾರಿಗೆ ಅವರ ಹಳೆಯ ಶಾಲೆಯಲ್ಲಿ ಉಷ್ಣವಲಯದ ವಾಸ್ತುಶಿಲ್ಪ ವಿಭಾಗ ಶುರುವಾಯಿತು. ಫ್ರೈ ಅದರ ಮೊದಲ ಮುಖ್ಯಸ್ಥರು. ನಂತರ ಬಂದವರು ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿನಲ್ಲಿ ದುಡಿದಿದ್ದ ಆಟೊ ಕೋನಿಗ್ಸ್‌ಬರ್ಗರ್. 1964ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಬ್ರಿಟನ್ನಿನ ರಾಯಲ್ ಚಿನ್ನದ ಪದಕ ಬಂದದ್ದು ಫ್ರೈ ಒಬ್ಬರಿಗೇ. ಡ್ರೂಗೆ ಡೇಮ್ (ಗಂಡಸರ ‘ಸರ್’ಗೆ ಸಮನಾದ ಬಿರುದು) ಗೌರವ ಸಿಕ್ಕಿದ್ದು 1996ರಲ್ಲಿ. ಅದೇ ವರ್ಷ ತೀರಿಕೊಂಡರು.

2016ರಲ್ಲಿ ಚಂಡೀಗಢದಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಹೈಕೋರ್ಟ್, ಸಚಿವಾಲಯ, ವಿಧಾನಸಭೆಗಳಿರುವ ಕಾರ್ಬುಸಿಯೆಯ ಕ್ಯಾಪಿಟಲ್ ಸಂಕೀರ್ಣ ಮಾತ್ರ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, 1ರಿಂದ 30ರವರೆಗಿನ ಸೆಕ್ಟರ್‌ಗಳ ಮನೆಗಳನ್ನು ಅಪಾರ್ಟ್‌ಮೆಂಟುಗಳಾಗಿ ಒಡೆಯುವುದನ್ನು ತಡೆಯಿತು. ಡ್ರೂ ದುಡಿದ 22ನೇ ಸೆಕ್ಟರ್ ಕೂಡ ಈ ಭಾಗದಲ್ಲೇ ಇದೆ. ಆದರೆ ಉಳಿಸಬೇಕಾದ ಈ ಇಡೀ ಭಾಗವನ್ನು ಕಡತಗಳು ಗುರುತಿಸುವುದು ಕಾರ್ಬುಸಿಯೆ ಹೆಸರಿನಿಂದಲೇ.