ಚಿನ್ನ ಗೆದ್ದ ಮೇಲೂ ‘ಇಷ್ಟೇನಾ’ ಅನ್ನಿಸಿದರೆ

ನಾನು ಬ್ರೆಜಿಲಿಯನ್ ಜಿಯು ಜಿಟ್ಸು ಕಲಿಸುತ್ತೇನೆ, ನೆಲದ ಮೇಲೆ ಹಿಡಿತಗಳಿಂದ ಎದುರಾಳಿಯನ್ನು ಮಣಿಸುವ ಕುಸ್ತಿಯಂಥ ಆಟ. ಸೋಮವಾರ ಸಂಜೆ ಕ್ಲಾಸ್ ಮುಗಿದ ಮೇಲೂ ಅವಳು ಮ್ಯಾಟ್ ಅಂಚಿನಲ್ಲಿ ಕೂತೇ ಇದ್ದಳು. ಬೆರಳಿಗೆ ಸುತ್ತಿದ್ದ ಟೇಪನ್ನು ಒಂದೊಂದಾಗಿ ಕಿತ್ತು ಉಂಡೆ ಮಾಡುತ್ತಿದ್ದಳು. ಹಿಂದಿನ ದಿನವಷ್ಟೇ ಟೂರ್ನಿಯ ಬ್ಲೂ ಬೆಲ್ಟ್ (ಬಿಳಿಯ ನಂತರದ ಹಂತ) ವಿಭಾಗದಲ್ಲಿ ಚಿನ್ನ ಗೆದ್ದವಳು. ‘ಮೆಡಲ್ ಎಲ್ಲಿ?’ ಅಂತ ಕೇಳಿದೆ. ‘ಬ್ಯಾಗಲ್ಲೇ ಇದೆ ಸರ್, ಒದ್ದೆ ಗಿ ಕೆಳಗೆ’ ಅಂದಳು. (ಗಿ ಅಂದರೆ ಆಡುವಾಗ ತೊಡುವ ದಪ್ಪ ಬಟ್ಟೆಯ ಉಡುಪು.) ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಏನೂ ಅನ್ನಿಸ್ತಾನೇ ಇಲ್ಲ. ಇಷ್ಟೇನಾ ಸರ್?’

ಸೋತು ಬಂದವರ ಜತೆ ಮಾತಾಡುವುದು ನನಗೆ ಅಭ್ಯಾಸವಾಗಿದೆ. ಗೆದ್ದು ಸಪ್ಪಗಾದವರ ಜತೆ ಏನು ಮಾತಾಡಬೇಕು ಅನ್ನುವುದನ್ನು ಕಲಿಯಲು ಜಾಸ್ತಿ ವರ್ಷ ಹಿಡಿಯಿತು.

ಅವಳ ಫೈನಲ್ ಹೇಗಿತ್ತು ಅಂತ ಹೇಳಬೇಕು. ವಯಸ್ಕರ ಬ್ಲೂ ಬೆಲ್ಟ್ ಪಂದ್ಯ 6 ನಿಮಿಷ. ಮೊದಲ ನಿಮಿಷದಲ್ಲೇ ಅವಳು ಎದುರಾಳಿಯನ್ನು ಸ್ವೀಪ್ ಮಾಡಿ, ಅಂದರೆ ಕೆಳಗಿನಿಂದ ಉರುಳಿಸಿ ಮೇಲೆ ಬಂದಳು, 2 ಪಾಯಿಂಟ್ ಸಿಕ್ಕಿತು. ಉಳಿದ ಐದು ನಿಮಿಷ ಬರೀ ಒತ್ತಿ ಹಿಡಿದಳು. ಗಾರ್ಡ್ ಪಾಸ್ ಮಾಡಿದರೆ (ಎದುರಾಳಿಯ ಕಾಲುಗಳ ತಡೆ ದಾಟಿದರೆ) ಇನ್ನೂ 3, ಮೌಂಟ್ ಹಿಡಿದರೆ (ಮೈಮೇಲೆ ಏರಿ ಕೂತರೆ) 4 ಸಿಗುತ್ತಿತ್ತು. ಆದರೆ ಕೈ ಚಾಚಿದರೆ ಎಲ್ಲಿ ಇರುವ ಎರಡೂ ಹೋಗುತ್ತೋ ಅನ್ನುವ ಭಯ. ಆಟ ಆಡುತ್ತಿಲ್ಲ ಅಂತ ರೆಫ್ರಿ ಪೆನಾಲ್ಟಿಯನ್ನೂ ಕೊಟ್ಟರು. ದಿನಾ ಟ್ರೈನಿಂಗಲ್ಲಿ ಟ್ರಯಾಂಗಲ್ (ಕಾಲುಗಳಿಂದ ಕತ್ತು ಅದುಮುವ ಪಟ್ಟು) ಹಾಕಲು ಹಾತೊರೆಯುವ ಹುಡುಗಿ ಅವತ್ತು ಒಂದು ಸಲವೂ ಎದುರಾಳಿಯಿಂದ ಸೋಲು ಒಪ್ಪಿಸುವ ಪಟ್ಟಿಗೆ, ಅಂದರೆ ಸಬ್‌ಮಿಷನ್‌ಗೆ ಹೋಗಲಿಲ್ಲ. ಪಕ್ಕದಲ್ಲಿ ಕೂತು ‘ಹಿಡ್ಕೋ, ಹಿಡ್ಕೋ, ಬಿಡಬೇಡ’ ಅಂತ ಗಂಟಲು ಹರಿದುಕೊಂಡವನು ನಾನೇ. ಹಾಗಾಗಿ ಆ ‘ಇಷ್ಟೇನಾ’ದಲ್ಲಿ ನನ್ನ ಪಾಲೂ ಇದೆ.

ಬ್ರೆಜಿಲಿಯನ್ ಜಿಯು ಜಿಟ್ಸುವಿನಲ್ಲಿ ಗೆಲುವಿನ ಲೆಕ್ಕ ಬಲು ನಿಷ್ಠುರ. ಹೆಚ್ಚಿನ ಟೂರ್ನಿಗಳಲ್ಲಿ ಒಂದು ಸಲ ಸೋತರೆ ಕತೆ ಮುಗಿಯಿತು. 64 ಮಂದಿ ಇದ್ದರೆ ಮೊದಲ ಸುತ್ತಿನಲ್ಲೇ 32 ಜನ ಬ್ಯಾಗ್ ಎತ್ತಿಕೊಳ್ಳುತ್ತಾರೆ. ಕೊನೆಗೆ ಒಬ್ಬರನ್ನು ಬಿಟ್ಟು ಉಳಿದ 63 ಮಂದಿಗೂ ಅವತ್ತಿನ ಕಡೆಯ ನೆನಪು ಸೋಲೇ. ಕಂಚು ಪಡೆದವರದೂ ಅದೇ ಗತಿ. ಅಂತರರಾಷ್ಟ್ರೀಯ ಫೆಡರೇಶನ್ ನಿಯಮದಲ್ಲಿ ಮೂರನೇ ಸ್ಥಾನಕ್ಕೆ ಬೇರೆ ಪಂದ್ಯ ಇಲ್ಲ. ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೊಗಳನ್ನು ಇಟ್ಟುಕೊಂಡು ಮೆಡ್ವೆಕ್, ಮ್ಯಾಡಿ ಮತ್ತು ಗಿಲೊವಿಚ್ ಎಂಬ ಸಂಶೋಧಕರು ಒಂದು ಅಧ್ಯಯನ ಮಾಡಿದ್ದರು. 1995ರಲ್ಲಿ ಪ್ರಕಟವಾಯಿತು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರ ಮುಖದಲ್ಲಿ ಖುಷಿ ಜಾಸ್ತಿ ಕಂಡಿತು. ಬೆಳ್ಳಿಯವರಿಗೆ ಕೈತಪ್ಪಿದ ಚಿನ್ನದ ಕೊರಗು, ಕಂಚಿನವರಿಗೆ ಏನೂ ಇಲ್ಲದೆ ಹೋಗುವುದು ತಪ್ಪಿತಲ್ಲ ಅನ್ನುವ ಸಮಾಧಾನ. ಖುಷಿ ಹೆಚ್ಚಾಗಿ ಹೋಲಿಕೆಯಲ್ಲಿ ಇರುತ್ತದೆ ಅನ್ನುವುದು ಅವರ ವಾದ. ನನ್ನ ಹುಡುಗಿ ಚಿನ್ನ ಕೈಯಲ್ಲಿಟ್ಟುಕೊಂಡು ಹೋಲಿಸುತ್ತಿದ್ದದ್ದು ಬೇರೆಯದಕ್ಕೆ. ತಾನು ಹೇಗೆ ಆಡಬಲ್ಲೆ ಅಂತ ಅವಳಿಗೆ ಗೊತ್ತಿತ್ತು. ಹಾಗೆ ಆಡಿರಲಿಲ್ಲ.

ಈ ಆಟದಲ್ಲಿ ಚಾಂಪಿಯನ್ ಆಗುವುದೊಂದೇ ಗುರಿಯಾದರೆ ಮ್ಯಾಟ್ ಖಾಲಿಯಾಗುತ್ತಿತ್ತು. ವಿಶ್ವ ಚಾಂಪಿಯನ್‌ಶಿಪ್ 1996ರಲ್ಲಿ ರಿಯೋ ಡಿ ಜನೈರೊದಲ್ಲಿ ಶುರುವಾಯಿತು. ‘ಬುಶೇಶಾ’ ಅಂತಲೇ ಹೆಸರಾದ ಮಾರ್ಕುಸ್ ಅಲ್ಮೇಡಾ ಒಬ್ಬರೇ ಬ್ಲ್ಯಾಕ್ ಬೆಲ್ಟ್‌ನಲ್ಲಿ 13 ಚಿನ್ನ ಬಾಚಿಕೊಂಡರು. ಮಿಕ್ಕವರಿಗೆ ಎಷ್ಟು ಉಳಿಯಿತು ನೀವೇ ನೋಡಿ. ಆದರೂ ಮೂವತ್ತು ದಾಟಿದವರ ಮಾಸ್ಟರ್ಸ್ ವಿಭಾಗಗಳು ತುಂಬುತ್ತವೆ. ದಿನವಿಡೀ ಕೆಲಸ ಮಾಡಿ, ಮಕ್ಕಳನ್ನು ಮಲಗಿಸಿ, ನೋಯುವ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬರುವವರು ಇವರು. ಶುಲ್ಕ ಕಟ್ಟಿ, ತೂಕ ಇಳಿಸಿ ಬರುತ್ತಾರೆ. ಗಿ ತೊಟ್ಟೇ ತೂಕದ ಯಂತ್ರ ಹತ್ತಬೇಕು, ಅದೂ ಮೊದಲ ಪಂದ್ಯಕ್ಕೆ ಸ್ವಲ್ಪ ಮುಂಚೆ. ಮಿತಿ ದಾಟಿದರೆ ಇನ್ನೊಂದು ಅವಕಾಶ ಇಲ್ಲ. ಇಷ್ಟೆಲ್ಲ ಯಾಕೆ?

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನೋವಿಜ್ಞಾನಿಗಳು ಹೇಳುವ ಪ್ರಕಾರ, ಒಳಗಿನಿಂದ ಬರುವ ಹುರುಪಿಗೆ ಮೂರು ಬೇಕು: ಇದು ನನ್ನ ಆಯ್ಕೆ ಅನ್ನುವ ಭಾವನೆ, ನಾನು ಪಳಗುತ್ತಿದ್ದೇನೆ ಅನ್ನುವ ಅರಿವು, ನನ್ನವರು ಅನ್ನಿಸುವ ಜನ. ಮೂರನೆಯದು ಜಿಯು ಜಿಟ್ಸುವಿನಲ್ಲಿ ಕೇಳದೆಯೇ ಸಿಗುತ್ತದೆ. ದಿನಾ ನಿಮ್ಮ ಕತ್ತನ್ನು ಇನ್ನೊಬ್ಬರ ಕೈಗೆ ಕೊಟ್ಟು, ಟ್ಯಾಪ್ ಮಾಡಿದರೆ (ಸೋತೆ ಅಂತ ಕೈ ತಟ್ಟಿದರೆ) ಬಿಡುತ್ತಾರೆ ಅಂತ ನಂಬುತ್ತೀರಲ್ಲ, ಸ್ನೇಹಕ್ಕೆ ಇನ್ನೇನು ಬೇಕು? ಮೊದಲನೆಯದನ್ನು ಒಂದು ಪ್ರಶ್ನೆಯಲ್ಲಿ ತಿಳಿದುಕೊಳ್ಳಬಹುದು: ಫಾರ್ಮ್ ತುಂಬಿದ್ದು ಯಾರು? ಎಷ್ಟೋ ಸಲ ಉತ್ತರ ‘ಎಲ್ಲರೂ ಹೋಗ್ತಿದ್ರು’ ಅಥವಾ ‘ನೀವು ಹೇಳಿದ್ರಲ್ಲ ಸರ್’. ಅಂಥವರನ್ನು ಈಗ ನಾನು ಒಂದು ಟೂರ್ನಿ ಬಿಟ್ಟು ನೋಡಲು ಹೇಳುತ್ತೇನೆ.

ಎರಡನೆಯದೇ ಕಷ್ಟದ್ದು. ಟ್ರೈನಿಂಗಲ್ಲಿ ಪಳಗಿದ್ದು ಗೊತ್ತೇ ಆಗುವುದಿಲ್ಲ. ನಿಮ್ಮ ಜತೆ ರೋಲ್ ಮಾಡುವವರೂ (ಅಭ್ಯಾಸದ ಪಂದ್ಯ ಆಡುವವರೂ) ನಿಮ್ಮಷ್ಟೇ ಬೆಳೆಯುತ್ತಿರುತ್ತಾರೆ. ನಿಮ್ಮ ಪಟ್ಟು ಅವರಿಗೆ ಬಾಯಿಪಾಠ. ಆರು ತಿಂಗಳು ಬೆವರು ಹರಿಸಿದರೂ ಅದೇ ಮನುಷ್ಯನ ಕೆಳಗೆ ಅದೇ ರೀತಿ ಸಿಕ್ಕಿಕೊಂಡಿರುತ್ತೀರಿ. ಬ್ಲ್ಯಾಕ್ ಬೆಲ್ಟ್‌ಗೆ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು. ಅಷ್ಟು ದೀರ್ಘ ದಾರಿಯಲ್ಲಿ ಎಲ್ಲಿದ್ದೇವೆ ಅಂತ ತಿಳಿಯುವುದು ಹೇಗೆ?

ಟೂರ್ನಿಯ ಬೆಲೆ ಇರುವುದು ಇಲ್ಲೇ. ಅಲ್ಲಿ ಎದುರಿಗೆ ನಿಂತವರಿಗೆ ನಿಮ್ಮ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ನಿಮ್ಮ ಹೆಸರೂ ಗೊತ್ತಿಲ್ಲ. ನಿಮಗೆ ಮೊಣಕಾಲು ನೋವಿದೆ ಅಂತ ನಿಧಾನ ಮಾಡುವುದಿಲ್ಲ, ಹೊಸ ಪಟ್ಟು ಕಲಿಯುತ್ತಿದ್ದೀರಿ ಅಂತ ಬಿಟ್ಟುಕೊಡುವುದಿಲ್ಲ. ನಿಮ್ಮ ಹಿಡಿತ ನಿಂತರೆ ಅದು ನಿಜವಾಗಿ ನಿಂತಿದೆ. ಜಾರಿದರೆ ನಿಜವಾಗಿ ಜಾರಿದೆ. ಈ ಸುದ್ದಿ ಸೋತವರಿಗೂ ಸಿಗುತ್ತದೆ, ಎಷ್ಟೋ ಸಲ ಗೆದ್ದವರಿಗಿಂತ ಜಾಸ್ತಿಯೇ ಸಿಗುತ್ತದೆ. 2–0 ಹಿಡಿದು ಕೂತ ನನ್ನ ಹುಡುಗಿಗೆ ಅವತ್ತು ಮೆಡಲ್ ಸಿಕ್ಕಿತು, ಸುದ್ದಿ ಸಿಗಲಿಲ್ಲ.

ಹಾಗಂತ ‘ಗೆಲ್ಲೋದು ಮುಖ್ಯ ಅಲ್ಲ ಸರ್, ಸುಮ್ನೆ ಅನುಭವಕ್ಕೆ ಬಂದೆ’ ಅನ್ನುವವರನ್ನು ನಾನು ಬೇಗ ನಂಬುವುದಿಲ್ಲ. ವಾರ್ಮಪ್ ಜಾಗದಲ್ಲಿ ಕೈ ನಡುಗುತ್ತಿರುವಾಗ ಬರುವ ಮಾತು ಅದು. ಸೋತರೆ ಇರಲಿ ಅಂತ ಮೊದಲೇ ಮಾಡಿಟ್ಟುಕೊಂಡ ನೆಪ. ಗೆಲ್ಲಲು ಪೂರ್ತಿ ಪ್ರಯತ್ನ ಮಾಡದಿದ್ದರೆ ಎದುರಾಳಿ ನಿಮ್ಮ ಆಟವನ್ನು ಪರೀಕ್ಷಿಸುವುದಾದರೂ ಹೇಗೆ? ಮ್ಯಾಟ್ ಮೇಲೆ ಗೆಲುವು ಬೇಕೇ ಬೇಕು. ಆದರೆ ತಿಂಗಳುಗಟ್ಟಲೆ ಬೆಳಿಗ್ಗೆ ಎಬ್ಬಿಸುವ ಕೆಲಸ ಅದರ ಕೈಲಾಗುವುದಿಲ್ಲ.

ಅದಕ್ಕೇ ನಾನು ಈಗ ಒಂದು ಸಣ್ಣ ಕೆಲಸ ಮಾಡಿಸುತ್ತೇನೆ. ಟೂರ್ನಿಗೆ ಒಂದು ವಾರ ಮುಂಚೆ ನೋಟ್‌ಬುಕ್‌ನಲ್ಲಿ ಒಂದೇ ಸಾಲು ಬರೆಯಬೇಕು: ಅವತ್ತು ನಾನು ಮಾಡಿ ನೋಡುವುದು ಇದು. ಸೋಲುವ ಪಂದ್ಯದಲ್ಲೂ ಮಾಡಲು ಆಗುವಂಥದ್ದಾಗಿರಬೇಕು. ಮುಂಚೆಯೇ ಬರೆಯಬೇಕು, ಆಮೇಲೆ ಬರೆದರೆ ಅದು ಸಮಜಾಯಿಷಿ ಆಗುತ್ತದೆ. ಒಬ್ಬರು ‘ಮೊದಲ ಕಾಲರ್ ಹಿಡಿತ ನನ್ನದಾಗಬೇಕು’ ಅಂತ ಬರೆದರು. ಇನ್ನೊಬ್ಬರು ‘ಮೌಂಟ್ ಕೆಳಗೆ ಸಿಕ್ಕಿದಾಗ ಉಸಿರು ಬಿಡುವುದು’ ಅಂತ. ನಗಬೇಡಿ, ಅದು ದೊಡ್ಡ ಕೆಲಸ. ಹಿಂದಿನ ಟೂರ್ನಿಯಲ್ಲಿ ಉಸಿರು ಕಟ್ಟಿ ಎರಡೇ ನಿಮಿಷಕ್ಕೆ ಸುಸ್ತಾದವರು ಅವರು.

ಸೋಲಿನಿಂದ ಬಂದ ಸುದ್ದಿಯನ್ನು ಈ ಆಟ ಹೇಗೆ ಇಟ್ಟುಕೊಂಡಿದೆ ಅನ್ನುವುದಕ್ಕೆ ಒಂದು ಹಳೆಯ ಕತೆ ಇದೆ. 1951ರಲ್ಲಿ ರಿಯೋದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೊಪಟು ಮಸಾಹಿಕೊ ಕಿಮುರಾ ಬ್ರೆಜಿಲಿಯನ್ ಜಿಯು ಜಿಟ್ಸು ಕಟ್ಟಿದವರಲ್ಲಿ ಒಬ್ಬರಾದ ಹೇಲಿಯೊ ಗ್ರೇಸಿಯ ತೋಳು ಮುರಿದರು. ಹೇಲಿಯೊ ಟ್ಯಾಪ್ ಮಾಡಲಿಲ್ಲ, ಅಣ್ಣ ಕಾರ್ಲೋಸ್ ಪಂದ್ಯ ನಿಲ್ಲಿಸಿದರು. ಆ ಹಟವನ್ನು ಹೊಗಳುವವರು ಬಹಳ. ನನಗೆ ಅದು ಇಷ್ಟವಿಲ್ಲ, ನನ್ನ ಕ್ಲಾಸಿನಲ್ಲಿ ಬೇಗ ಟ್ಯಾಪ್ ಮಾಡಿ ಅಂತಲೇ ಹೇಳುತ್ತೇನೆ. ನನಗೆ ಇಷ್ಟವಾಗುವುದು ಆಮೇಲೆ ನಡೆದದ್ದು. ತೋಳು ಮುರಿದ ಆ ಪಟ್ಟಿಗೆ ಗೆದ್ದವರ ಹೆಸರೇ ನಿಂತಿತು. ಇವತ್ತಿಗೂ ಜಿಯು ಜಿಟ್ಸು ಕ್ಲಾಸುಗಳಲ್ಲಿ ಅದನ್ನು ‘ಕಿಮುರಾ’ ಅಂತಲೇ ಕಲಿಸುತ್ತೇವೆ.

ಆ ಹುಡುಗಿ ನಾಲ್ಕು ತಿಂಗಳ ನಂತರ ಮತ್ತೆ ಹೆಸರು ಕೊಟ್ಟಳು. ನೋಟ್‌ಬುಕ್‌ನಲ್ಲಿ ‘ಮುಂದಿದ್ದರೂ ದಾಳಿ ನಿಲ್ಲಿಸಬಾರದು’ ಅಂತ ಬರೆದಿದ್ದಳು. ‘ಮೆಡಲ್ ಬಂದ್ರೆ ಬೇಡ ಅನ್ನಲ್ಲ ಸರ್’ ಅಂತ ನಕ್ಕಳು. ನಾನು ಈ ಸಲ ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಲು ಒಪ್ಪಿದೆ.

ಎರಡನೇ ಸುತ್ತಿನಲ್ಲಿ 4–5ರಲ್ಲಿ ಸೋತಳು. ಎರಡು ಸ್ವೀಪ್ ಅವಳದು. ಎದುರಾಳಿಯದು ಒಂದು ಸ್ವೀಪ್, ಒಂದು ಪಾಸ್. ಮುಂದಿದ್ದಾಗಲೇ ಟ್ರಯಾಂಗಲ್‌ಗೆ ಹೋಗಿದ್ದಳು, ಆ ಪಾಸ್ ಬಂದದ್ದೂ ಅಲ್ಲಿಂದಲೇ. ಹೊರಗೆ ಬಂದು ಗೋಡೆಗೆ ಒರಗಿ ಚೆನ್ನಾಗಿ ಅತ್ತಳು. ನಾನು ನೀರಿನ ಬಾಟಲಿ ಪಕ್ಕದಲ್ಲಿಟ್ಟು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಗಿ ತೋಳಿನಲ್ಲೇ ಮೂಗು ಒರೆಸಿಕೊಂಡು ಪಂದ್ಯದ ವಿಡಿಯೊ ಇದ್ದ ನನ್ನ ಫೋನಿಗೆ ಕೈ ಚಾಚಿದಳು.

‘ಆ ಪಾಸ್ ಹಾಕಿ ಸರ್. ನನ್ನ ಎಡ ಮೊಣಕಾಲು ಎಲ್ಲಿತ್ತು ನೋಡಬೇಕು.’