ಸಾವಿರಾರು ಅಚ್ಚಾದ ಪೋಸ್ಟರ್ ಇಂದು ಒಂದೂ ಸಿಗುವುದಿಲ್ಲವೇಕೆ?

ಪ್ರಶ್ನೆ: ಅರಸರ ಕಾಲದ ಚಿತ್ರಗಳನ್ನು ಕಾಪಾಡುವುದು ಕಷ್ಟವೆಂದರೆ ಒಪ್ಪೋಣ. ನಿನ್ನೆ ಮೊನ್ನೆಯ ಸಿನಿಮಾ ಪೋಸ್ಟರ್, ರೇಡಿಯೊಗಳನ್ನು ವಸ್ತುಸಂಗ್ರಹಾಲಯದಲ್ಲಿಡಲು ಏನು ತೊಂದರೆ? ಅವು ಸಾವಿರಾರು ಇದ್ದವಲ್ಲ?

ಉತ್ತರ: ಮೈಸೂರಿನಲ್ಲಿ ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಅದರ ಕೊನೆಯ ಮಾತು ಮಾತ್ರ ಹಾಗೆಯೇ ಮರಳಿ ಬರುತ್ತದೆ. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ: ಸಾವಿರಾರು ಇದ್ದುದರಿಂದಲೇ ಅವು ಉಳಿಯಲಿಲ್ಲ. ಅಪರೂಪದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ನಾವು, ಎಲ್ಲೆಡೆ ಸಿಗುವುದನ್ನು ಬೇರೆ ಯಾರಾದರೂ ಇಟ್ಟಿರುತ್ತಾರೆಂದು ಬಿಟ್ಟುಬಿಡುತ್ತೇವೆ. ಎಲ್ಲರೂ ಹಾಗೆಯೇ ಎಣಿಸಿದ್ದರಿಂದ ಯಾರ ಬಳಿಯೂ ಉಳಿಯುವುದಿಲ್ಲ. ಮೈದಾ ಅಂಟು ಬಳಿದು ಗೋಡೆಗೆ ಹಚ್ಚಿದ ಪೋಸ್ಟರಿನ ಮೇಲೆ ಮುಂದಿನ ಶುಕ್ರವಾರ ಇನ್ನೊಂದು ಬೀಳುತ್ತಿತ್ತು, ಮಳೆಗೆ ಸಡಿಲವಾದದ್ದನ್ನು ದನ ತಿನ್ನುತ್ತಿತ್ತು, ಹಚ್ಚದೆ ಉಳಿದದ್ದು ರದ್ದಿಗೆ ಹೋಗುತ್ತಿತ್ತು. ಪೋಸ್ಟರಿನ ಮಾತು ಹಾಗಿರಲಿ, 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿಯೇ ಇಂದು ಲಭ್ಯವಿಲ್ಲ. ಆ ಕಾಲದಲ್ಲಿ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಹೊತ್ತಿಕೊಳ್ಳುತ್ತಿತ್ತು, ಇಟ್ಟಲ್ಲೇ ಕೊಳೆಯುತ್ತಿತ್ತು. ಓಟ ಮುಗಿಸಿದ ಸುರುಳಿಗಳನ್ನು ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸುವುದೂ ಇತ್ತು.

ಅದೃಷ್ಟವಶಾತ್ ಉಳಿದ ಪೋಸ್ಟರೂ ಅಗ್ಗದ ಕಾಗದದ್ದು. ಅದರೊಳಗಿನ ಆಮ್ಲವೇ ಅದನ್ನು ಹಳದಿಯಾಗಿಸಿ, ಮಡಿಕೆಯಲ್ಲಿ ಮುರಿಯುವಂತೆ ಮಾಡುತ್ತದೆ. ಬೆಳಕಿನಿಂದ ಮಾಸಿದ ಬಣ್ಣ ಮರಳಿ ಬರುವುದಿಲ್ಲವಾದ್ದರಿಂದ ಇಂಥವಕ್ಕೆ ಸುಮಾರು 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕನ್ನಷ್ಟೇ ಕೊಟ್ಟು, ಕೆಲವು ತಿಂಗಳ ಬಳಿಕ ಕತ್ತಲ ಕೋಣೆಗೆ ಒಯ್ಯುತ್ತಾರೆ.

ಇದಕ್ಕಿಂತ ದೊಡ್ಡ ಕಷ್ಟ ತೋರಿಸುವುದರಲ್ಲಿದೆ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರವನ್ನು ಆರಂಭಿಸಿದರು. ಅಂದಿನ ರೇಡಿಯೊ ಪೆಟ್ಟಿಗೆಯನ್ನು ಗಾಜಿನೊಳಗಿಡಬಹುದು, ಅದರ ಸುತ್ತ ಕುಳಿತು ಕೇಳಿದವರ ಬೆರಗನ್ನು ಇಡಲಾಗದು. ಇಲ್ಲಿನ ಜಯಲಕ್ಷ್ಮೀವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯದಲ್ಲಿ ತೊಗಲುಗೊಂಬೆಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಹಿಂದೆ ದೀಪ, ಮುಂದೆ ಪರದೆ, ಜೊತೆಗೆ ಭಾಗವತರ ದನಿ ಇದ್ದರೆ ತಾನೇ ಆ ಗೊಂಬೆಗೆ ಜೀವ?

ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಹಳೆಯ ಪೋಸ್ಟರ್ ಸಿಕ್ಕರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಪೆಟ್ಟಾಗದಂತೆ ಬಿಡಿಸುವುದು ಬಹುಮಟ್ಟಿಗೆ ಅಸಾಧ್ಯ. ಈಚೆಗೆ ನನ್ನ ಕೈಗೆ ಬಂದ ಒಂದು ಪೋಸ್ಟರಿನಲ್ಲಿ ನಾಯಕನ ಮುಖ ಹೊಳೆಯುತ್ತಿತ್ತು, ಆದರೆ ‘ದಿನವಹಿ 4 ಆಟಗಳು’ ಎಂದು ಚಿತ್ರಮಂದಿರದ ಹೆಸರಿನೊಡನೆ ಅಂಟಿಸಿದ್ದ ಕೆಳಗಿನ ಪಟ್ಟಿಯನ್ನು ಅಂದವಾಗಿ ಕಾಣಲೆಂದು ಕತ್ತರಿಸಿದ್ದರು. ಆ ಪೋಸ್ಟರ್ ಮೈಸೂರಿನದೋ ಮಂಡ್ಯದದೋ ಎಂದು ಹೇಳುತ್ತಿದ್ದುದು ಆ ಪಟ್ಟಿಯೊಂದೇ. ಪಟ್ಟಿಯನ್ನು ಹಾಗೆಯೇ ಬಿಡಿ. ಪೋಸ್ಟರ್ ಯಾರದು, ಎಲ್ಲಿ ಸಿಕ್ಕಿತು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.